ಎಡಗಡೆಯ ಬಾಟಲಿ

ಮೊನ್ನೆ ತಲೆಗೆ ಹಚ್ಚಿಕೊಳ್ಳಲೆಂದು ಅಗಸೆಬೀಜ ಕುದಿಸಿ ಲೋಳೆ ಸೋಸಿಟ್ಟಿದ್ದೆ. ಪಕ್ಕದಲ್ಲೇ ಸಾರಿಗೆ ಉಪ್ಪು ಹಾಕುವಾಗ ಕೈತಪ್ಪಿ ಒಂದಿಷ್ಟು ಆ ಬಟ್ಟಲಿಗೂ ಬಿತ್ತು. ಕಲಕಿ ನೋಡಿದರೆ, ದಾರದಂತೆ ಇಳಿಯುತ್ತಿದ್ದ ಲೋಳೆ ತೆಳ್ಳಗಾಗಿ ಹನಿಹನಿ ಬೀಳತೊಡಗಿತ್ತು. ಜೇವರ್ಗಿ ಕಾಲೋನಿಯ ಈ ಅಡುಗೆಮನೆಯಲ್ಲಿ ನನಗೆ ಥಟ್ಟನೆ ನೆನಪಾದವಳು ಕಮಲಾಪುರದ ಆ ಹುಡುಗಿ...

ಕಲಬುರಗಿಯಲ್ಲಿ ನಾವಿಬ್ಬರೂ ಒಬ್ಬರೇ ಸರ್ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆವು. ನಾನು ಒಂದು ವರ್ಷ ಸೀನಿಯರ್. ಅವಳು ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಚಾರ್ಜ್ ಇರುವ ಪಾಲಿಮರ್‌ಗಳ ಬಗ್ಗೆ ಸರ್ ಪಾಠ ಮಾಡಿದ ಮರುದಿನವೇ ಊಟದ ಡಬ್ಬಿಯಲ್ಲಿ ಅಗಸೆಯ ಲೋಳೆ ತಂದಿದ್ದಳು.

"ನೋಡ್ರಿ ಸರ್, ಇದರಾಗಿನ ಎಳಿಗೋಳು ಒಂದನ್ನೊಂದು ದೂಡಿಕೋತ ಕೈಕಾಲು ಚಾಚಿ ಮಲಗ್ಯಾವ. ಉಪ್ಪು ಬಿದ್ರ ದೂಡಾಟ ಕಮ್ಮಿಯಾಗಿ ಮುದುಡಿಕೋತಾವ."

ಸರ್ ಕುರ್ಚಿಯಿಂದ ಎದ್ದು ಬಂದು ನೋಡಿದರು. ನನ್ನ ಸೆಮಿನಾರಿಗೆ ಅವರು ಎಂದೂ ಎದ್ದವರಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ನಮ್ಮ ಕೆಲಸ ಪೊರೆ ಕಟ್ಟುವುದು. ಗಾಜಿನ ಪಟ್ಟಿಯನ್ನು ಧನ ಚಾರ್ಜಿನ ಪಾಲಿಮರ್ ದ್ರಾವಣದಲ್ಲೊಮ್ಮೆ, ಋಣ ಚಾರ್ಜಿನದರಲ್ಲೊಮ್ಮೆ ಅದ್ದಿ ತೊಳೆದು, ಪದರದ ಮೇಲೆ ಪದರ ಏರಿಸಬೇಕು. ದ್ರಾವಣದಲ್ಲಿ ಹದವಾಗಿ ಉಪ್ಪಿದ್ದರೆ ಪದರ ದಪ್ಪಗೆ ಬರುತ್ತದೆ. ಉಪ್ಪು ಅತಿಯಾದರೆ ಪದರಗಳು ಹಿಡಿತ ಬಿಟ್ಟು ಕರಗಿಯೇ ಹೋಗುತ್ತವೆ. ನಾನು ವರ್ಷವಿಡೀ ಹುಡುಕಿದ ಆ ಹದ ಅವಳಿಗೆ ಒಂದೇ ತಿಂಗಳಲ್ಲಿ ಸಿಕ್ಕಿತು. ಹೊರಗಿನ ದೊಡ್ಡ ಲ್ಯಾಬಿಗೆ ನಮ್ಮಲ್ಲೊಬ್ಬರನ್ನು ಕಳಿಸುವುದಿತ್ತು. ಪೊರೆ ನೋಡಿಯೇ ಆರಿಸುತ್ತೇನೆ ಎಂದಿದ್ದರು ಸರ್.

ಆಯ್ಕೆಯ ಹಿಂದಿನ ಸಂಜೆ ಬಸ್ಸಿಗೆ ಓಡುತ್ತಿದ್ದವಳು ಬಾಗಿಲಲ್ಲಿ ತಿರುಗಿ, "ಅಕ್ಕಾ, ನನ್ನ ಪಟ್ಟಿ ಎಡಗಡಿ ಬಾಟ್ಲಿ ನೀರಾಗ ಇಟ್ಟುಬಿಡ್ರಿ" ಅಂದಳು. ಎಡಗಡೆ ಯಾವಾಗಲೂ ಶುದ್ಧ ನೀರಿನ ಬಾಟಲಿ. ಆದರೆ ಅಂದು ಮಧ್ಯಾಹ್ನ ಕಪಾಟು ಒರೆಸುವಾಗ ಬಾಟಲಿಗಳನ್ನು ಅದಲುಬದಲು ಇಟ್ಟವಳು ನಾನೇ. ಎಡಗಡೆ ಈಗ ಗಾಢವಾದ ಉಪ್ಪುನೀರಿತ್ತು. ಅದರ ಮೇಲಿನ ಚೀಟಿ ಓದಿದೆ. ಓದಿಯೂ, ಅವಳು ಹೇಳಿದಂತೆಯೇ ಇಟ್ಟೆ.

ಬೆಳಿಗ್ಗೆ ಸರ್ ನೋಡಲು ಬಂದಾಗ ಗಾಜು ಬರಿದಾಗಿತ್ತು. ಅವಳು ಪಟ್ಟಿಯನ್ನು ಫ್ಯಾನಿನ ಗಾಳಿಗೆ ಹಿಡಿದಳು. ಒಣಗುತ್ತಲೇ ಬಿಳಿ ಉಪ್ಪು ಮೂಡಿತು. ಬಾಟಲಿಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು...

"ಎಡಗಡಿ ಅಂತ ನಾನೇ ಹೇಳಿದ್ದೆನ್ರಿ ಸರ್. ತಪ್ಪು ನಂದ."

ನಾನು ಆಯ್ಕೆಯಾದೆ. ಹೊರಡುವ ದಿನ ಅವಳು ತಮ್ಮೂರಿನ ಕೆಂಪು ಬಾಳೆಹಣ್ಣು ತಂದುಕೊಟ್ಟಳು. ನಾನು ಒಂದನ್ನೂ ತಿನ್ನಲಿಲ್ಲ.

ಅವಳು ಮುಂದೆ ಸಂಶೋಧನೆ ಬಿಟ್ಟು ಟೀಚರ್ ಆದಳು. ಹೋದ ವರ್ಷ ತೀರಿಕೊಂಡ ಸುದ್ದಿ ಕೇಳಿ ಕಮಲಾಪುರಕ್ಕೆ ಹೋಗಿದ್ದೆ. ಅಂಗಳದ ತುಂಬ ಅವಳ ವಿದ್ಯಾರ್ಥಿಗಳು. ನನಗಾಗಿ ಇಷ್ಟು ಜನ ಅತ್ತಾರೆಯೇ ಎಂದು ಅಲ್ಲೂ ನನಗೆ ಹೊಟ್ಟೆಕಿಚ್ಚು! ಒಬ್ಬಳು ನನ್ನ ಕೈ ಹಿಡಿದು, "ಲ್ಯಾಬಿನ ಅಕ್ಕಾರು ನೀವೇ ಏನ್ರಿ? ಅಗಸಿ ಲೋಳಿ ತೋರಿಸುವಾಗ, ಇದರಾಗ ನಮ್ಮ ಅಕ್ಕ ಭಾಳ ಶಾಣ್ಯಾ ಅಂತಿದ್ರು ಟೀಚರ್" ಅಂದಳು.

ಮೊನ್ನೆ ಆ ಬಟ್ಟಲು ಚೆಲ್ಲಿ ಹೊಸದಾಗಿ ಅಗಸೆ ಕುದಿಸಬಹುದಿತ್ತು. ಚಮಚ ಹಿಡಿದು ನಿಂತೇ ಇದ್ದೆ. ನಾನು ಚೀಟಿ ಓದಿದ್ದೆ ಎಂದು ಹೇಳಿಕೊಳ್ಳಲು ಈಗ ಅವಳಿಲ್ಲ.