ಎಲ್ಲರಿಗೂ ನಡುವೆ ಬೀಳುವ ಮನೆ

ನಾವು ಮೂವರು ಅಕ್ಕತಂಗಿಯರು, ನಾನು ಎರಡನೆಯವಳು. ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಅವ್ವ ಧಾರವಾಡದ ಕಡೆಯವಳು, ಅವಳಿಗೆ ನಾನು ‘ನಡುವಿನಾಕಿ’. ಬೈಕುಲ್ಲಾದ ನಮ್ಮ ವಠಾರದಂಥ ಚಾಳಿನ ಮರಾಠಿ ಹೆಂಗಸರಿಗೆ ‘ಮಧಲಿ’, ಹಿಂದಿಯವರಿಗೆ ‘ಬೀಚ್‌ವಾಲಿ’. ಯಾವ ಭಾಷೆಗೆ ಹೋದರೂ ಅದೇ ಹಣೆಬರಹ.

ನಡುವೆ ಎಂದರೆ ಎರಡರ ಮಧ್ಯದ ಜಾಗ ಎಂದು ಹೇಳಿ ನಿಘಂಟು ಸುಮ್ಮನಾಗುತ್ತದೆ. ನಮ್ಮ ಮನೆಯಲ್ಲಿ ಆ ಪದಕ್ಕೆ ಕೆಲಸ ಜಾಸ್ತಿ. ದೊಡ್ಡವರ ಮಾತಿಗೆ ನಾನು ಏನಾದರೂ ಅಂದರೆ, “ನಡುವ ಬಾಯಿ ಹಾಕಬ್ಯಾಡ.” ಅಕ್ಕ, ತಂಗಿ ಜಗಳಕ್ಕೆ ಬಿದ್ದರೆ, “ನೀ ನಡುವ ಅದಿಯಲ್ಲ, ಬಿಡಸು.” ಒಂದೇ ಕೌದಿ ಹೊದ್ದು ಮೂವರೂ ಮಲಗುವಾಗ ಮಾತ್ರ ನಡುವೆ ಇರುವುದು ಲಾಭ: ಅವರಿಬ್ಬರು ಎಷ್ಟು ಎಳೆದಾಡಿದರೂ ನನ್ನ ಮೇಲಿನ ಹೊದಿಕೆ ಜಾರುತ್ತಿರಲಿಲ್ಲ. ಲೋಕಲ್ ರೈಲು ಹತ್ತುವಾಗಲೂ ಅವ್ವನದು ಒಂದೇ ಅಪ್ಪಣೆ. ಎಲ್ಲರೂ ಮಿಡಲ್ ಲೇಡೀಸ್ ಡಬ್ಬಿಗೇ ಹತ್ತಬೇಕು, ಗದ್ದಲದಲ್ಲಿ ತಪ್ಪಿಸಿಕೊಂಡರೆ ಪ್ಲಾಟ್‌ಫಾರ್ಮಿನ ನಡುವೆ ಬಂದು ನಿಲ್ಲಬೇಕು.

ಮದುವೆಯಾಗಿ ನಾನು ಸಾಂತಾಕ್ರೂಜ್‌ಗೆ ಬಂದೆ. ಅಕ್ಕ ಬೈಕುಲ್ಲಾದಲ್ಲೇ ಉಳಿದಳು, ತಂಗಿ ಬೊರಿವಲಿ ಸೇರಿದಳು. ಆಹಾ, ಇಲ್ಲಿಯೂ ನಡುವೆ! ಅಕ್ಕ ದಾದರ್‌ನಲ್ಲಿ ಗಾಡಿ ಬದಲಿಸಿ ಬರುವಳು, ತಂಗಿ ನೇರ ಬಂದು ಇಳಿಯುವಳು. ಪಂಚಮಿಯ ಉಂಡಿ, ಸಂಕ್ರಾಂತಿಯ ಸಜ್ಜಿರೊಟ್ಟಿ, ಗಂಡಂದಿರ ಮೇಲಿನ ದೂರು, ಎಲ್ಲಕ್ಕೂ ನನ್ನ ಮನೆಯೇ. ಬರುತ್ತೇವೆ ಎಂದು ತಿಳಿಸುತ್ತಿದ್ದರು. ಬರಲೇ ಎಂದು ಒಬ್ಬರೂ ಕೇಳಿದ್ದಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಒಲೆಯ ಮೇಲೆ ಚಹಾ ಇಡುತ್ತಿದ್ದೆ.

ಕಳೆದ ವರ್ಷ ಅವ್ವನ ಮೊಣಕಾಲು ಕೈಕೊಟ್ಟಿತು. ಅಕ್ಕನ ಜೊತೆಗಿದ್ದವಳಿಗೆ ಚಾಳಿನ ಮೆಟ್ಟಿಲು ಇನ್ನು ಆಗದು ಎಂದರು ಡಾಕ್ಟರು. ಅವ್ವ ಮುಂದೆ ಎಲ್ಲಿರಬೇಕು ಎಂದು ಮಾತಾಡಲು ಎಲ್ಲರೂ ಸೇರಿದ್ದೂ ನನ್ನ ಮನೆಯಲ್ಲೇ. ನನಗೆ ಅವ್ವ ಬೇಕಾಗಿದ್ದಳು. ನಾನು ಬೇಕೆಂದು ಅವಳು ನನ್ನಲ್ಲಿಗೆ ಬರಲಿ ಎಂಬ ಆಸೆ ಎಷ್ಟೋ ವರ್ಷಗಳಿಂದ ಹೊಟ್ಟೆಯೊಳಗಿತ್ತು. ಆದರೆ ತುಟಿ ಬಿಚ್ಚದೆ ಕೂತಿದ್ದೆ.

“ಇಲ್ಲೇ ಇರಲಿ ಬಿಡು,” ಅಂದಳು ಅಕ್ಕ. “ಎಲ್ಲಾರಿಗೂ ನಡುವ ಆಗತೈತಿ.”

“ಹಾಂ ನಾ, ಸಬ್ ಕೋ ಬೀಚ್ ಮೇ ಪಡ್ತಾ ಹೈ,” ಅಂದಳು ತಂಗಿ.

ನನಗೆ ಸಿಟ್ಟು ನೆತ್ತಿಗೇರಿತು. “ನಡುವ, ನಡುವ! ನನ್ನ ಮನಿ ಏನ್ ವೇಟಿಂಗ್ ರೂಮ? ನನ್ನ ಯಾರರ ಒಂದ್ ಮಾತು ಕೇಳೀರೇನ?”

ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಅವ್ವ ಕೋಲಿಗೆ ಕೈ ಹಾಕಿದಳು. ಎದ್ದು ಹೊರಟೇಬಿಡುತ್ತಾಳೆ ಅಂದುಕೊಂಡೆ.

“ನಿನ್ನ ಯಾರೂ ಕೇಳಲಿಲ್ಲ, ಖರೇ,” ಅಂದಳು ನನಗೆ. ಆಮೇಲೆ ಮೂವರನ್ನೂ ನೋಡಿದಳು. “ಮುಂಜಾನಿಂದ ಮಾತಾಡಾಕತ್ತೀರಿ. ಯಾರಿಗೆ ದೂರ, ಯಾರಿಗೆ ಸಮೀಪ, ಲಿಫ್ಟ್ ಎಲ್ಲೈತಿ, ಎಲ್ಲಾ ಆತು. ಒಬ್ಬಾಕಿಯರ ನನಗ ‘ಬಾ’ ಅಂದೀರೇನ?”

ಅಕ್ಕ ನೆಲ ನೋಡತೊಡಗಿದಳು. ತಂಗಿ ಮೊಬೈಲ್ ಕೆಳಗಿಟ್ಟಳು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಹೋಗಿ ಅವಳ ಪಕ್ಕದಲ್ಲಿ ಕೂತೆ.

“ಬಾ ಯವ್ವಾ. ನನಗ ನೀ ಬೇಕು.”

“ಹಂಗ ಕರಿ ಮತ್ತ,” ಅಂದ ಅವ್ವ ಕೋಲನ್ನು ಗೋಡೆಗೆ ಆನಿಸಿಟ್ಟಳು.