ನೀಲಿ ದಂಡಿನ ಬಳೆಗಾರ

ವಿಜಾಪುರದ ಒಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮಶಾಕಸಾಬ ಎಂಬ ಚಕ್ರವರ್ತಿ ಆಳುತ್ತಿದ್ದ. ಸ್ಟೂಲೇ ಸಿಂಹಾಸನ, ಪ್ರಜೆಗಳು ಯಾರೂ ಇಲ್ಲ. ಡಾಕ್ಟರರು ಕೊಯ್ದು ಕಳಿಸಿದ ಗಂಟನ್ನು ಮೇಣದಲ್ಲಿ ಕೂರಿಸಿ, ಉಳ್ಳಾಗಡ್ಡಿಯ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು ಬಣ್ಣ ಹಾಕುವುದು ಅವನ ರಾಜಕಾರ್ಯ. ಮನೆಯಲ್ಲೂ ಒಬ್ಬನೇ. ಅವನ ಮೈಗಂಟಿದ ಔಷಧದ ಘಾಟಿಗೆ, ಹೆಣ್ಣು ಕೊಡಬಂದವರು ಚಹಾಕ್ಕೂ ನಿಲ್ಲುತ್ತಿರಲಿಲ್ಲ.

೧೯೭೨ರಲ್ಲಿ ಮಮದಾಪುರದ ಗುರುಬಸವ್ವನ ಎದೆಯ ಗಂಟು ಬಂತು. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕಂಡಿತು. ಅದರ ಸುತ್ತ, ಕೋಟೆಗೆ ಮುತ್ತಿಗೆ ಹಾಕಿದಂತೆ, ರೋಗದ ಮೇಲೆ ಏರಿಹೋಗುವ ಬಿಳಿ ರಕ್ತಕಣಗಳು. ಬಣ್ಣ ಹೀರಿ ನೀಲಿಯಾಗಿದ್ದವು. ಅಷ್ಟು ದೊಡ್ಡ ದಂಡನ್ನು ಅವನು ಕಂಡೇ ಇರಲಿಲ್ಲ.

"ಈ ದಂಡು ಇದ್ರ ಬದುಕ್ತಾರಂತಲ್ರಿ ಸಾಹೇಬ್ರ?"

"ಪುಸ್ತಕದಾಗ ಬರದಾರ ಮಶಾಕಸಾಬ," ಎಂದರು ಡಾಕ್ಟರ್ ಬಸಲಿಂಗಯ್ಯ. "ಆದ್ರ ಅದು ವಿಲಾಯತಿ ಹೆಂಗಸರ ಲೆಕ್ಕ. ನಮ್ಮ ಹೆಣ್ಮಕ್ಕಳನ್ನ ಯಾರ್ ಎಣಿಸ್ಯಾರ? ಕೊಯ್ಸಿಕೊಂಡು ಹೋದಾಕಿ ತಿರುಗಿ ಬರೂದೇ ಇಲ್ಲ."

ಗುರುಬಸವ್ವನೂ ಬರಲಿಲ್ಲ. ಐದು ವರ್ಷ ಮಶಾಕಸಾಬ ಆ ಗಾಜನ್ನು ಆಗಾಗ ತೆಗೆದು, "ಹೆಂಗದೀ ಯವ್ವಾ?" ಎಂದು ಕೇಳುತ್ತಿದ್ದ. ಮಾತಾಡಿಸಲು ಅವನಿಗಿದ್ದವಳು ಅವಳೊಬ್ಬಳೇ. ಇದ್ದಾಳೋ, ಹೋದಳೋ? ಹೋಗಿ ಕೇಳೋಣವೆಂದರೆ, ಪರಹೆಣ್ಣಿನ ಎದೆಯ ಸುದ್ದಿ ಕೇಳಿದವನ ಎಲುಬು ಉಳಿಯುವುದುಂಟೇ? ಅತ್ತೆ, ಗಂಡನ ಎದುರೇ ಹೆಂಗಸಿನ ಕೈ ಹಿಡಿಯುವ ಹಕ್ಕು ಬಳೆಗಾರನೊಬ್ಬನಿಗೇ. ಬಳೆ ಮಾರುವ ಸೋದರಮಾವ ಗೈಬುಸಾಬನಿಂದ, ಬಳೆ ಪೋಣಿಸಿ ಹೆಗಲಿಗೇರಿಸುವ ಮಲಾರವನ್ನು ಎರವಲು ತಂದು, ಬಬಲೇಶ್ವರದ ಬಸ್ಸೇರಿ ದಂಡಯಾತ್ರೆ ಹೊರಟ.

"ಬಳಿ ಬೇಕೇನ್ರೆವ್ವಾ, ಬಳೀ!"

ಮಮದಾಪುರದ ಮೂರನೆಯ ಓಣಿಯಲ್ಲಿ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಕಟ್ಟೆಗೆ ಬಂದು ಕೈ ಚಾಚಿದಳು. ಒಳಗಿಂದ ಅತ್ತೆ ಚೀರಿದಳು: "ಏ ಗುರುಬಸವ್ವಾ, ತುಟ್ಟೀವು ಹಾಕಿಸಿಕೋಬ್ಯಾಡ!"

ಹೆಸರು ಕೇಳುತ್ತಲೇ ಮಶಾಕಸಾಬ ಅವಳ ಕೈ ಹಿಡಿದು ಬಳೆ ಏರಿಸತೊಡಗಿದ. ಕೂದಲಿಗಿಂತ ತೆಳ್ಳಗೆ ಹೆರೆಯುವ ಶೂರ, ನಾಲ್ಕು ಬಳೆಗಳನ್ನು ಪುಡಿಮಾಡಿದ.

"ಯಪ್ಪಾ, ನೀ ಬಳಿಗಾರನೋ, ಕಲ್ಲ ಒಡಿಯಾಂವನೋ?"

"ಹೊಸಬ ಅದೀನ್ರಿ. ನಿಮ್ಮ ಕೈನೂ ಗಟ್ಟಿ ಅದಾವ್ರಿ."

"ಗಟ್ಟಿನ ಮತ್ತ! ಐದ್ ವರ್ಷದ ಹಿಂದ ಸಾಯ್ತಾಳಂದಿದ್ರು. ಯಾರ್ ಕಾಯ್ದ್ರೋ ಏನೋ."

ಕಾಯ್ದವರನ್ನು ಅವನು ಒಬ್ಬೊಬ್ಬರಾಗಿ ಬಲ್ಲ. ಆದರೆ ಬಳೆಗಾರ ಅದನ್ನು ಹೇಳುವುದು ಹೇಗೆ? ಇನ್ನೊಂದು ಬಳೆ ಏರಿಸಿದ.

"ಮನ್ಯಾಗ ಯಾರದಾರೋ ನಿನಗ?"

"ಯಾರೂ ಇಲ್ರಿ."

"ಅದಕ್ಕ ನೋಡು, ಬಳಿ ತೊಡಿಸಾಕ ಬರವಲ್ದು ನಿನಗ!"

ತಿರುಗಿ ಬರುವಾಗ ಗೆದ್ದೆವೆಂದು ಯಾರಿಗಾದರೂ ಹೇಳಬೇಕೆನಿಸಿತು. ಪಕ್ಕದ ಸೀಟಿನಲ್ಲಿ ಬಳೆಯ ಮಲಾರವಷ್ಟೇ ಇತ್ತು.

ಆದರೆ ಒಬ್ಬಳಿಂದ ಲೆಕ್ಕವಾಗದು. ದಂಡು ಇಲ್ಲದವಳ ಬಾಗಿಲಿಗೂ ಹೋಗಬೇಕು. ಅದೇ ೧೯೭೨ರ ಇನ್ನೊಂದು ಗಾಜು ಕನಮಡಿಯ ರೇಣುಕವ್ವನದು. ಅದರಲ್ಲಿ ನೀಲಿ ಚುಕ್ಕೆ ಎಣಿಸಿದರೆ ಏಳೋ ಎಂಟೋ. ಮರುವಾರ ತಿಕೋಟಾ ದಾಟಿ ಹೋಗಿ, ಅವಳ ಬಾಗಿಲಲ್ಲಿ ನಿಂತು ಕೂಗಿದ.

ಗಂಡ ಹೊರಗೆ ಬಂದ. "ಈ ಮನ್ಯಾಗ ಬಳಿ ಇಟ್ಕೊಳ್ಳೋರು ಯಾರೂ ಉಳದಿಲ್ಲಪಾ."

ಮಶಾಕಸಾಬ ಮುಂದಿನ ಬಾಗಿಲಿಗೆ ಹೋಗಲಿಲ್ಲ. ಮಲಾರ ಇಳಿಸಿ, ನೀರು ಬೇಡಿ, ಆ ಗಂಡಸಿನ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತ.