ಮಂಚದಡಿಯ ನುಸಿಗಳು

ಚಿಕ್ಕಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು 'ತೋಟದ ಕಂಪನಿಯಲ್ಲಿ' ಎಂದು ಜಾರಿಕೊಳ್ಳುತ್ತೇನೆ. ಅವಳಿಗೆ ಆ ನಾಚಿಕೆಯಿಲ್ಲ. 'ನಾನು ನುಸಿ' ಅಂದುಬಿಡುತ್ತಾಳೆ.

ಸುಳ್ಳಲ್ಲ. ಕೋಕೋ ಹೂವಿಗೆ ಪರಾಗ ಮುಟ್ಟಿಸುವುದು ಎಳ್ಳಿಗಿಂತ ಸಣ್ಣ ನುಸಿ. ಅದು ಹುಟ್ಟುವುದು ಮರದಡಿ ಕೊಳೆಯುವ ಎಲೆ, ಸಿಪ್ಪೆಗಳಲ್ಲಿ. ಕಂಪನಿಯ ಕಣ್ಣಿಗೆ ಆ ಕೊಳೆ ಚುಚ್ಚಿತು. ಗುಡ್ಡದ ತುಂಬ ಒಂದೇ ಜಾತಿಯ ಮರ ನೆಟ್ಟು, ಬುಡ ಗುಡಿಸಿ, ಔಷಧಿ ಹೊಡೆದು, ನೆಲವನ್ನು ಆಸ್ಪತ್ರೆಯ ವರಾಂಡ ಮಾಡಿದರು. ಹೆಸರು 'ಹಸಿರು ತೋಟ'. ಹಸಿರೇನೋ ಹೌದು, ಪ್ಲಾಸ್ಟಿಕ್ ಬಕೆಟ್ಟೂ ಹಸಿರಿರುತ್ತದೆ! ನುಸಿ ಹೋಯಿತು, ಹಿಂದೆಯೇ ಚಿಟ್ಟೆ, ಜೀರುಂಡೆಗಳೂ ಗಂಟುಮೂಟೆ ಕಟ್ಟಿದವು. ಹೂವೆಲ್ಲ ಕಾಯಿ ಕಟ್ಟದೆ ಉದುರತೊಡಗಿದಾಗ ಕಂಪನಿ ಚಿಕ್ಕಮ್ಮನ ಕೈಗೊಂದು ಕುಂಚ ಕೊಟ್ಟಿತು. ದಿನವಿಡೀ ಕತ್ತೆತ್ತಿ ಹೂವಿಂದ ಹೂವಿಗೆ. ಆ ಕತ್ತು ಈಗ ಬಲಕ್ಕೆ ತಿರುಗುವುದಿಲ್ಲ. ಬಲಗಡೆ ಕೂತರೆ ನನಗೆ ಬೈಗುಳ ಕಡಿಮೆ.

ಮನೆಯೂ ಕಂಪನಿಯದೇ. ಹಿತ್ತಿಲಲ್ಲಿ ಅವಳು ಕೋಕೋ ಸಿಪ್ಪೆಯ ಗುಡ್ಡೆಯೊಂದನ್ನು ಕೊಳೆಯಲು ಬಿಟ್ಟಿದ್ದಳು. ಬೇಲಿಯಾಚೆಯ ನಾಲ್ಕಾರು ಮರಗಳು ಮಾತ್ರ ಕುಂಚದ ಹಂಗಿಲ್ಲದೆ ಕಾಯಿ ಬಿಡುತ್ತಿದ್ದವು. ನಾನು ಅವಳ ಮನೆಗೆ ಹೋದ ದಿನವೇ ತೋಟದ ಮೇಸ್ತ್ರಿ ಗುದ್ದಲಿ ಹಿಡಿದು ಬಂದ.

'ಅಮ್ಮಾ, ನಾಳೆ ದೊಡ್ಡ ಸಾಹೇಬ್ರು ಬರ್ತಾರೆ. ಗುಡ್ಡೆ ತೆಗೀಬೇಕು.'

'ಆ ಮರಗಳಿಗೆ ಕಾಯಿ ಹೇಗೆ ಬಂತು ಅಂತ ನಿಂಗೊತ್ತಿಲ್ವೇನೋ?'

'ಗೊತ್ತಮ್ಮಾ. ಗೊತ್ತಿದ್ದು ನಾನೇನು ಮಾಡ್ಲಿ? ಸಾಹೇಬ್ರ ಕಣ್ಣಿಗೆ ಹುಳ ಬೀಳ್ಬಾರ್ದಂತೆ.'

'ಹುಳ ಬೇಡ, ಹುಳದ ಕೆಲಸ ಬೇಕಾ? ಹಾಗಾದ್ರೆ ನನ್ನನ್ನೂ ಗುಡಿಸಿ ಹಾಕು!'

'ಸ್ವಲ್ಪ ಹೊಂದ್ಕೊಂಡು ಹೋದ್ರೆ...' ಎಂದು ನಾನು ಬಾಯಿ ಹಾಕಿದೆ.

'ನೀನು ಸುಮ್ನಿರೋ, ಕೋಲೆಬಸವ!'

ಎಡಗಡೆ ಕೂತದ್ದು ನನ್ನ ತಪ್ಪು.

ಗುಡ್ಡೆ ಹೋಯಿತು. ಆ ಜಾಗಕ್ಕೆ ಔಷಧಿಯನ್ನೂ ಹೊಡೆದರು. ಆದರೆ ಅದಕ್ಕೆ ಮೊದಲೇ ಚಿಕ್ಕಮ್ಮ ಒಂದು ಬಕೆಟ್ ಕೊಳೆತ ಸಿಪ್ಪೆಯನ್ನು ಒಳಗೆ ಸಾಗಿಸಿದ್ದಳು. ಮೇಸ್ತ್ರಿ ಅಷ್ಟು ಹೊತ್ತೂ ಆಕಾಶ ನೋಡುತ್ತಿದ್ದ.

ಸಂಜೆ ಚಿಕ್ಕಪ್ಪ ಮಂಚದಡಿ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡರು. 'ಲೇ, ಮನೇಲಿ ಯಾರಾದ್ರೂ ನುಸಿ ಸಾಕ್ತಾರೇನೇ?'

'ಕಂಪನಿ ನನ್ನ ಸಾಕ್ತಿಲ್ವಾ?'

ಚಿಕ್ಕಪ್ಪ ಹೊರಗೆ ಜಗುಲಿಯ ಮೇಲೆ ಹಾಸಿಗೆ ಹಾಸಿಕೊಂಡರು.

ಬೆಳಿಗ್ಗೆ ಅವಳು ಬಕೆಟ್ ಎಳೆದು ಹಿಂಬದಿಯ ಕಿಟಕಿ ತೆರೆದಳು. ಎದ್ದ ನುಸಿಗಳಲ್ಲಿ ಒಂದೆರಡು ನನ್ನ ಮೂಗಿನ ಮೇಲೆ ಕೂತವು. ಅಭ್ಯಾಸಬಲದಿಂದ ಕೈ ಎತ್ತಿದೆ.

'ಹೊಡೆದ್ರೆ ನೋಡು!'

ಕೈ ಇಳಿಸಿದೆ. ಮುಂಬಾಗಿಲ ಕಡೆ ಸಾಹೇಬರು ಮೇಸ್ತ್ರಿಗೆ 'ಎಷ್ಟು ಚೊಕ್ಕಟವಾಗಿದೆ!' ಎನ್ನುವುದು ಕೇಳಿಸುತ್ತಿತ್ತು. ನುಸಿಗಳು ಒಂದೊಂದಾಗಿ ಬೇಲಿ ದಾಟುವವರೆಗೂ ಚಿಕ್ಕಮ್ಮ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಆಮೇಲೆ ಕುಂಚ ತೆಗೆದುಕೊಂಡು ಕೆಲಸಕ್ಕೆ ಹೊರಟಳು.